ತೆರೆಯ ಹಿಂದಿನ ಭಟ್ಟರು

ಈ ಸಂಗತಿಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದ್ದು ಕುರುಬರಹಳ್ಳಿಯ ನಮ್ಮ ಆಂಜನೇಯನ ಗುಡಿ ಬಾಗಿಲಲ್ಲಿ ಹೂವು ಮಾರುವ ಅಮ್ಮ. ಮಿಕ್ಕವಕ್ಕೆ ನಾನೇ ಸಾಕ್ಷಿ. ಗುಡಿಯಲ್ಲಿ ಸ್ವಾಮಿಗೆ ಅಲಂಕಾರ ಮಾಡುವ ಭಟ್ಟರೊಬ್ಬರಿದ್ದಾರೆ. ಅವರ ಕೈಯಲ್ಲಿ ಕಲೆ ಇದೆ, ಬಾಯಲ್ಲಿ ‘ಸಾಕು’ ಅನ್ನುವ ಮಾತಿಲ್ಲ. ಹೀಗಾಗಿ ಶನಿವಾರ ಬಂತೆಂದರೆ ಏನಾದರೊಂದು ನಡೆದೇ ನಡೆಯುತ್ತದೆ.

ಮದುವೆ ಹಾರ

ಅವತ್ತು ಹೂವಿನ ಅಲಂಕಾರ. ಜನ ಕೈಮುಗಿದು ಕಾಯುತ್ತಿದ್ದಾರೆ, ತೆರೆ ಸರಿಯುತ್ತಿಲ್ಲ. ಭಟ್ಟರು ಪಕ್ಕದ ಬಾಗಿಲಿಂದ ಓಡಿಬಂದು ಹೂವಿನಮ್ಮನ ಮುಂದೆ ನಿಂತರು.

“ಆ ಗುಲಾಬಿ ಹಾರ ಕೊಡಮ್ಮ. ಎದೆ ಮೇಲೆ ಬಣ್ಣ ಸಪ್ಪೆ ಆಗಿದೆ.”

“ಅಯ್ಯೋ, ಅದು ಮದುವೆ ಹಾರ ಸ್ವಾಮಿ. ಗಂಡಿನ ಕಡೆಯೋರು ಇನ್ನೇನು ಬರ್ತಾರೆ.”

“ಆ ಹುಡುಗನಿಗೆ ಇನ್ನೊಂದು ಕಟ್ಟಿಕೊಡು. ನಮ್ಮ ಸ್ವಾಮಿ ಬ್ರಹ್ಮಚಾರಿ, ಅವನಿಗೆ ಮದುವೆ ಹಾರ ಹಾಕೋರು ಇನ್ಯಾರಿದ್ದಾರೆ?”

ಗಂಡಿನ ತಂದೆ ಬಂದು ಹಾರ ಕೇಳಿದಾಗ ಹೂವಿನಮ್ಮ ಗುಡಿಯೊಳಗೆ ಕೈ ತೋರಿಸಿದಳಂತೆ: “ಅಲ್ಲಿದೆ. ಧೈರ್ಯ ಇದ್ರೆ ಬಿಚ್ಕೊಂಡು ಬನ್ನಿ.”

ಬದನೇಕಾಯಿ

ತರಕಾರಿ ಅಲಂಕಾರದ ದಿನ ನಾನು ವಿಜಯನಗರದ ಮಾರ್ಕೆಟ್ಟಿಂದ ಚೀಲ ಹಿಡಿದು ಬರುತ್ತಾ, ಒಂದು ನಮಸ್ಕಾರ ಹಾಕಿ ಹೋಗೋಣವೆಂದು ಗುಡಿಗೆ ಹೋದೆ. ತೆರೆಯ ಸಂದಿಯಿಂದ ಭಟ್ಟರ ಮುಖ ಹೊರಬಂತು. ಕಣ್ಣು ನನ್ನ ಮೇಲಿರಲಿಲ್ಲ, ಚೀಲದ ಮೇಲಿತ್ತು.

“ಯಜಮಾನ್ರೇ, ಎಡಭುಜಕ್ಕೆ ನೇರಳೆ ಬಣ್ಣ ಸಾಲ್ತಿಲ್ಲ. ಆ ಬದನೇಕಾಯಿ...”

ದೇವರ ಕೆಲಸ, ಇಲ್ಲ ಅನ್ನಲಾದೀತೇ? ಕೊಟ್ಟೆ. ಆಮೇಲೆ ಬಲಭುಜಕ್ಕೆ ಕ್ಯಾರೆಟ್ಟು, ಕಿರೀಟಕ್ಕೆ ಹುರುಳಿಕಾಯಿ. ಮನೆ ಮುಟ್ಟಿದಾಗ ಚೀಲದಲ್ಲಿ ಉಳಿದದ್ದು ಕೊತ್ತಂಬರಿ ಸೊಪ್ಪು.

ಸಂಜೆ ಮಂಗಳಾರತಿಯ ಹೊತ್ತಿಗೆ ಎಲ್ಲರೂ ಸ್ವಾಮಿಯ ಮುಖ ನೋಡುತ್ತಿದ್ದರು. ನನ್ನ ಹೆಂಡತಿ ಎಡಭುಜವನ್ನೇ ನೋಡುತ್ತಾ ನನ್ನ ಕಿವಿಯಲ್ಲಿ, “ಎಷ್ಟು ಎಳೇದು ನೋಡ್ರೀ! ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಹಾಗಿದೆ” ಅಂದಳು. ಮರುಕ್ಷಣವೇ, “ತಪ್ಪಾಯ್ತಪ್ಪ ಸ್ವಾಮಿ” ಎಂದು ಕೆನ್ನೆ ಬಡಿದುಕೊಂಡಳು.

ಬೆಣ್ಣೆ ಬಾಲ

ವಾರವಾರವೂ ತೆರೆ ತಡವಾಗಿ ಸರಿಯುವುದನ್ನು ನೋಡಿ ನೋಡಿ, ಇಷ್ಟರಲ್ಲಿ ಗುಡಿ ಸಮಿತಿಯ ಹಿರಿಯರಾದ ಗೌಡರ ತಾಳ್ಮೆ ಮುಗಿದಿತ್ತು. ಗುಡಿ ಇರುವ ಜಾಗ ಹಿಂದೆ ಅವರ ಮನೆತನದ ಹೊಲ, ಹಾಗಾಗಿ ಅವರ ಮಾತಿಗೆ ಎದುರಿಲ್ಲ. ಹನುಮಜಯಂತಿಯ ಹಿಂದಿನ ದಿನ ಎಲ್ಲರೆದುರೇ ಅಂದರು:

“ಭಟ್ರೇ, ನಾಳೆ ಬೆಣ್ಣೆ ಅಲಂಕಾರ. ಹತ್ತು ಗಂಟೆಗೆ ಜನಕ್ಕೆ ಸ್ವಾಮಿ ಕಾಣಬೇಕು. ಕಾಣಲಿಲ್ವೋ, ಮುಂದಿನ ವರ್ಷದಿಂದ ಅಲಂಕಾರಕ್ಕೆ ನಂದಿನಿ ಲೇಔಟಿಂದ ಬೇರೆಯೋರು ಬರ್ತಾರೆ.”

ಭಟ್ಟರ ಮುಖ ಸಣ್ಣದಾಯಿತು. ತಮ್ಮ ಸ್ವಾಮಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದೆಂದರೆ ಅವರಿಗೆ ಜೀವ ಹೋದಷ್ಟೇ ಸಂಕಟ. “ಖಂಡಿತ ಗೌಡ್ರೇ” ಅಂದರು.

ಮರುದಿನ ಹತ್ತಾಗುತ್ತಾ ಬಂತು. ಗೌಡರು ಕೈಗಡಿಯಾರ ನೋಡುತ್ತಾ ತೆರೆಯ ಪಕ್ಕದಲ್ಲೇ ನಿಂತಿದ್ದರು.

“ಭಟ್ರೇ, ಆಯ್ತಾ?”

“ಮುಖ ಆಯ್ತು, ಗದೆ ಆಯ್ತು. ಬಾಲ ಯಾಕೋ ಮೋಟು ಅನ್ನಿಸ್ತಿದೆ. ಚೂರು ಉದ್ದ ಮಾಡ್ತಿದೀನಿ.”

ಗೌಡರು ಹಲ್ಲು ಕಚ್ಚಿ ತೆರೆಗೆ ಕೈ ಹಾಕಿದರು. ಅಷ್ಟರಲ್ಲಿ ತೆರೆಯ ಕೆಳಗಿಂದ, ಬಾಳೆ ಎಲೆಯ ಮೇಲೆ, ಗೋಡಂಬಿ ದ್ರಾಕ್ಷಿ ಅಂಟಿಸಿದ ಬೆಣ್ಣೆ ಬಾಲದ ತುದಿ ಮೆಲ್ಲಗೆ ಹೊಸ್ತಿಲು ದಾಟಿ ಹೊರಬಂತು.

ಮುಂದೆ ನಿಂತಿದ್ದ ಅಜ್ಜಿಯೊಬ್ಬರು “ಬಂದ್ಯಾ ನನ್ನಪ್ಪಾ!” ಎಂದು ಅಡ್ಡಬಿದ್ದರು. ಹನುಮಂತನ ಬಾಲಕ್ಕೆ ಕುಂಕುಮ ಇಡುವ ಹರಕೆ ನಮ್ಮಲ್ಲಿ ಉಂಟು. ಅಜ್ಜಿ ಇಟ್ಟರು, ಹಿಂದಿನವರೂ ಇಟ್ಟರು, ಸಾಲು ಸರಸರ ಸಾಗಿತು. ದರ್ಶನವಾಯಿತೆಂದು ಎಲ್ಲರೂ ಪುಳಿಯೋಗರೆ ಹಂಚುವ ಕಡೆ ನಡೆದರು.

ಕೊನೆಗೆ ಭಟ್ಟರು ತೆರೆ ಸರಿಸಿದಾಗ ಎದುರಿಗೆ ಉಳಿದವರು ಗೌಡರು ಮತ್ತು ನಾನು. ಸ್ವಾಮಿ ಈಗ ತಾನೇ ಸಮುದ್ರ ಹಾರಿ ಬಂದು ನಿಂತ ಹಾಗಿದ್ದ. ಗೌಡರ ಕಣ್ಣು ತುಂಬಿತು.

“ಹತ್ತು ಗಂಟೆಗೆ ಜನಕ್ಕೆ ಬಾಲವಾದ್ರೂ ಕಾಣಿಸ್ತು, ಅದೂ ಸ್ವಾಮೀದೇ. ಮುಂದಿನ ವರ್ಷಾನೂ ನೀವೇ ಮಾಡಿ ಭಟ್ರೇ.”

ಭಟ್ಟರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಖಾಲಿಯಾದ ಗುಡಿ ನೋಡಿದರು, ಸ್ವಾಮಿಯ ಮುಖ ನೋಡಿದರು.

“ಎಲ್ಲಾ ಹೋದ್ರಾ? ಸದ್ಯ! ಹುಬ್ಬು ಇನ್ನೂ ಸರಿ ಬಂದಿಲ್ಲ” ಎಂದು ಮತ್ತೆ ತೆರೆ ಎಳೆದುಬಿಟ್ಟರು.

ನೀವೂ ಇದನ್ನು ನಾಲ್ಕು ಜನಕ್ಕೆ ಹೇಳಿ. ಭಟ್ಟರ ಕಿವಿಗೆ ಮಾತ್ರ ಹಾಕಬೇಡಿ; ಕಥೆ ಇನ್ನೂ ಚೂರು ಚೆನ್ನಾಗಿರಬೇಕಿತ್ತು ಅಂತ ತಿದ್ದೋಕೆ ಕೂತುಬಿಡ್ತಾರೆ.