ತೆರೆದಿಟ್ಟ ನಳ

ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳನ್ನು ಹಳ್ಳಿಗರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕು ತಿರುಗುತ್ತೇನೆ. ಹೋದಲ್ಲೆಲ್ಲ ಒಂದೊಂದು ಫಜೀತಿ. ಹೇಳಲು ಹೋದವಳ ಬಾಯಿ ಕಟ್ಟಿಸುವುದೆಂದರೆ ನನ್ನ ಶಿವನಿಗೆ ಬಲು ಪ್ರೀತಿ. ಜೇವರ್ಗಿ ಕಡೆಯ ಒಬ್ಬ ಆಯಿಯ ಕೈಯಲ್ಲಂತೂ ಮೂರು ಸಲ ಕಟ್ಟಿಸಿದ.

ಹಿಂದ ಬಿಡಬಾರದು

ಮೊದಲ ಸಭೆಯಲ್ಲಿ, "ಬಡತನ ಹೋಗಬೇಕು, ಹಸಿವು ಹೋಗಬೇಕು, ಮನಿಮನಿಗೆ ನೀರು ಬರಬೇಕು. ಯಾರನ್ನೂ ಹಿಂದ ಬಿಡಬಾರದು" ಅಂದೆ.

ಎಪ್ಪತ್ತು ದಾಟಿದ ಆಯಿ ಎದ್ದು ನಿಂತಳು. "ಅಕ್ಕಾರ, ನನಗ ಹದಿನೇಳು ಬ್ಯಾಡ್ರಿ. ಬೋರಿಂಗಿನಿಂದ ಕೊಡ ಹೊತ್ತು ಸೊಂಟ ಹೋಗ್ಯದ. ಸಾಯೂದ್ರಾಗ ಮನಿ ನಳದ ನೀರು ಒಮ್ಮಿ ಲಿಂಗಕ್ಕ ಎರೀಬೇಕು. ಅದೊಂದ ಗುರಿ."

"ಆಗ್ತದ ಆಯಿ. ಎರಡು ಸಾವಿರದ ಮೂವತ್ತರೊಳಗ ಎಲ್ಲಾ ಆಗಬೇಕಂತ ಅದ."

"ಅಲ್ಲೀತನಕ ಶಿವ ನನ್ನ ಹಿಂದ ಬಿಡಬೇಕಲ್ರಿ. ಅವನ ಸಭಾನೂ ನೀವ ಮಾಡ್ತೀರೇನು?"

ಫೋಟೋ

ಆಯಿಯ ಅಂಗಳಕ್ಕೆ ನಳ ಬಂತು. ನೀರು ಬರಲಿಲ್ಲ. ಹಚ್ಚಿದ ದಿನವೇ ತಿರುವಿ ತೆರೆದವಳು ಮತ್ತೆ ಮುಚ್ಚಲಿಲ್ಲ. ಕೆಳಗೆ ತಾಮ್ರದ ಚೆಂಬು, ದಿನಾ ಮುಂಜಾನೆ ನಳಕ್ಕೂ ವಿಭೂತಿ. ಪೂಜೆಯ ನೀರನ್ನು ಪಕ್ಕದ ಮನೆಯ ಚಾಚಿ ಬೋರಿಂಗಿನಿಂದ ತಂದುಕೊಡುತ್ತಿದ್ದಳು.

ಒಂದು ದಿನ ಮೊಬೈಲ್ ಹಿಡಿದು ಒಬ್ಬರು ಪಟ್ಟಿ ತುಂಬಲು ಬಂದರು. ನಾನೂ ಜೊತೆಗಿದ್ದೆ.

"ನಳ ಅದ ಏನು?"

"ಅದರಿ."

ಫೋಟೋ ಹೊಡೆದುಕೊಂಡರು. ಗುರಿ ಮುಟ್ಟಿತು.

"ನೀರಿಂದು ಕೇಳಲೇ ಇಲ್ಲಲ್ಲ ತಮ್ಮಾ?"

"ಆ ಖಾನೆ ಇದರಾಗ ಇಲ್ಲ ಆಯಿ."

ಆಯಿ ಬಗ್ಗಿ ಚೆಂಬು ಎತ್ತಿ ಅವರ ಮುಂದೆ ಹಿಡಿದಳು. "ಹಂಗಾರ ಆ ಫೋಟೋ ಹಿಂಡಿ ಇದನ್ನರೆ ತುಂಬು."

ನಾನು ತಲೆ ತಗ್ಗಿಸಿದೆ. ಅಂದಿನಿಂದ ನನ್ನ ಪೂಜೆಯಲ್ಲಿ ಆ ಚೆಂಬು ತುಂಬಲಿ ಎಂಬುದರ ಹೊರತು ಬೇರೆ ಬೇಡಿಕೆ ಇರಲಿಲ್ಲ.

ಸಾಕು ಅಂತ ಹೇಳು

ಮೊನ್ನೆ ಆಯಿ ಲಿಂಗೈಕ್ಯಳಾದಳು. ಸುದ್ದಿ ಕೇಳಿ ಹೋದೆ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು, ಅಂಗೈಯಲ್ಲಿ ಲಿಂಗ. ಚಾಚಿ ಕಡೆಯ ಕೊಡ ತಂದು ಇಳಿಸುತ್ತಿದ್ದಳು. ಆಗಲೇ ನಳ ಎರಡು ಸಲ ಕೆಮ್ಮಿತು. ಕೆಂಪು ನೀರು ಉಗುಳಿತು. ಆಮೇಲೆ ತಿಳಿನೀರು.

ಚೆಂಬು ತುಂಬಿತು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಅದೇ ನೀರನ್ನು ಆಯಿಯ ಅಂಗೈಯ ಲಿಂಗಕ್ಕೆ ಎರೆದರು. ನಾನು ಕೈ ಮುಗಿದೆ, ಕಣ್ಣು ಮಂಜಾಯಿತು.

ನೀರು ನಿಲ್ಲಲಿಲ್ಲ. ಅಂಗಳ ತುಂಬಿ, ಬಂದವರ ಚಪ್ಪಲಿ ತೇಲಿದವು. ಸೊಸೆ ಅಳುತ್ತಲೇ ಓಡಿ ನಳ ತಿರುವಿದಳು. ಇಷ್ಟು ದಿನದ ವಿಭೂತಿ ಕಟ್ಟಿ ಹೋಗಿತ್ತು, ಜಪ್ಪಯ್ಯ ಅನ್ನಲಿಲ್ಲ. ನಾಲ್ಕು ಗಂಡಸರು ಬಂದರೂ ಅಷ್ಟೇ.

ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ಆಯಿಯ ಕಿವಿಗೆ ಬಾಗಿದಳು.

"ಆಯಿ, ಮುಟ್ಟಿದಿ ಏನು? ನಿನ್ನ ಶಿವಗ ಸಾಕು ಅಂತ ಹೇಳು. ಇಲ್ಲಿ ಬಂದ್ ಆಗವಲ್ದು."