ಮುಂಚಿತವಾಗಿ ಕಣ್ಣು ಮಿಟುಕಿಸಿದ ಪುಟ್ಟ ಫ್ಲ್ಯಾಷಿಗೆ

ಕ್ಯಾಮೆರಾದ ನೆತ್ತಿಯ ಮೇಲೆ ವಿರಾಜಮಾನರಾಗಿರುವ ಪುಟ್ಟ ಫ್ಲ್ಯಾಷ್ ಮಾನ್ಯರೇ,

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತಿಗೆ ಜೀವಂತ ನಿದರ್ಶನವಾದ ತಮಗೆ ಈ ಬಡ ಸ್ಟುಡಿಯೋದ ಮಾಲೀಕನ ನಮಸ್ಕಾರಗಳು. ತಾವು ಒಮ್ಮೆ ಮಿಂಚಿದರೆ ಸಾಕು, ಆಳೆತ್ತರದ ಎರಡು ದೊಡ್ಡ ದೀಪಗಳು ತಮ್ಮ ಕಣ್ಸನ್ನೆಗೇ ಕಾದಿದ್ದಂತೆ ಥಟ್ಟನೆ ಬೆಳಗುತ್ತವೆ. ನಡುವೆ ತಂತಿಯ ಹಂಗಿಲ್ಲ, ಎಡವಿ ಬಿದ್ದ ಗಿರಾಕಿಗಳ ಬೈಗುಳವೂ ಇಲ್ಲ. ಇಷ್ಟು ವಿಧೇಯತೆಯನ್ನು ನನ್ನ ಮನೆಯಲ್ಲಿ ನಾನು ಕಂಡಿಲ್ಲವೆಂದು ವಿನಯದಿಂದ ಒಪ್ಪಿಕೊಳ್ಳುತ್ತೇನೆ.

ಆದರೆ ಎರಡು ತಿಂಗಳ ಹಿಂದೆ ಒಂದು ಭಾನುವಾರ ತಾವು ನಡೆದುಕೊಂಡ ರೀತಿಯನ್ನು ಹೇಳದೆ ವಿಧಿಯಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಅವರ ತಾಯಿ ಗದರಿಸಿ ಕರೆತಂದು, ತಾನು ನಡುವೆ ಕೂತು, ಆಚೆಗೊಬ್ಬನನ್ನು ಈಚೆಗೊಬ್ಬನನ್ನು ನಿಲ್ಲಿಸಿಕೊಂಡಿದ್ದರು. ನಾನು ಗುಂಡಿ ಒತ್ತಿದೆ. ಫೋಟೋ ಕತ್ತಲು, ಸಾಲದ್ದಕ್ಕೆ ಮೂವರ ಕಣ್ಣೂ ಮುಚ್ಚಿದ್ದವು. ಮತ್ತೆ ಒತ್ತಿದೆ, ಮತ್ತೆ ಅದೇ. ದೀಪಗಳನ್ನು ಸರಿಸಿದೆ, ಬೆವರು ಒರೆಸಿಕೊಂಡೆ, ಇನ್ನಷ್ಟು ಹತ್ತಿರ ನಿಲ್ಲಿ ಎಂದು ಬೇಡಿಕೊಂಡೆ. ಆಗ ಅಣ್ಣನಾದವನು ತಮ್ಮನ ಕಡೆ ಬಾಗಿ, "ಇವ್ನು ಬೆಳಕು ಬಿಡೋದ್ರೊಳಗೆ ನಾವು ಮುದುಕರಾಗ್ತೀವಿ ಕಣೋ" ಎಂದ. ಇಷ್ಟು ವರ್ಷಗಳ ಮೇಲೆ ಅವರ ನಡುವೆ ಹೊರಟ ಮೊದಲ ಮಾತು ನನ್ನ ಅವಹೇಳನ. ತಮ್ಮನಾದವನು ನಗು ತಡೆಯಲಾರದೆ ಅಣ್ಣನ ಹೆಗಲಿಗೆ ಹಣೆ ಒರಗಿಸಿದ. ನನ್ನ ಬೆರಳು ಗಾಬರಿಯಲ್ಲಿ ಮತ್ತೊಮ್ಮೆ ಗುಂಡಿ ಒತ್ತಿತು. ಅದೂ ಕತ್ತಲೇ.

ತಮ್ಮ ಗುಟ್ಟು ರಟ್ಟು ಮಾಡಿದವಳು ಒಳಕೋಣೆಯಿಂದ ಬಂದ ನನ್ನ ಹೆಂಡತಿ. "ಬೆಳಕು ಅಳೆಯೋಕೆ ಅಂತ ಅದು ಫೋಟೋಗೆ ಮುಂಚೆನೇ ಒಂದ್ಸಲ ಮಿಟುಕಿಸುತ್ತೆ ಕಣ್ರಿ. ಪಾಪ, ದೊಡ್ಡ ದೀಪಗಳೆರಡೂ ಅದನ್ನೇ ನಂಬಿ ಆಗಲೇ ಬೆಳಗಿ, ಫೋಟೋ ಹೊತ್ತಿಗೆ ಖಾಲಿಯಾಗ್ತಿವೆ. ಆ ಚಾಳಿ ಬಿಡಿಸಿ" ಎಂದಳು. ಬಿಡಿಸಿದೆ. ಮುಂದಿನ ಫೋಟೋ ಹಗಲಿನಂತೆ ಬಂತು. ಅಷ್ಟರಲ್ಲಿ ಅಣ್ಣತಮ್ಮಂದಿರಿಗೆ ಜಗಳ ನೆನಪಾಗಿ, ಇಬ್ಬರೂ ಮುಖ ಬಿಗಿದು ನಿಂತಿದ್ದರು.

ತಾಯಿ ಕೊನೆಯ ಎರಡು ಫೋಟೋಗಳನ್ನೂ ನೋಡಿ, "ಬೆಳಕಿರೋದ್ರಲ್ಲಿ ಇಬ್ರೂ ಸಾಕ್ಷಿ ಹೇಳೋಕೆ ಬಂದೋರ ಥರ ಇದಾರೆ. ಆ ಕತ್ತಲೇದು ಕೊಡಪ್ಪ, ಅದ್ರಲ್ಲಿ ನನ್ನ ಮಕ್ಳಿದಾರೆ" ಎಂದರು. ಈಗ ಅದು ದೊಡ್ಡದಾಗಿ, ಚೌಕಟ್ಟು ಹಾಕಿಸಿಕೊಂಡು, ಅಣ್ಣನ ಜೊತೆ ಅವರಿರುವ ಮನೆಯ ಹಜಾರದಲ್ಲಿ ತೂಗುತ್ತಿದೆ. ಕೆಳಗೆ ನನ್ನ ಸ್ಟುಡಿಯೋದ ಹೆಸರು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ತಮ್ಮನಂತೂ ವಾರಕ್ಕೊಮ್ಮೆ ಬಂದು ಅದನ್ನು ನೋಡಿ ನಗುತ್ತಾನಂತೆ, ಅಣ್ಣ ಕಾಫಿ ಕೊಡುತ್ತಾನಂತೆ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ: ಮುನಿಸಿಕೊಂಡವರು ಬಂದಾಗ ನನ್ನನ್ನು ಕೇಳದೆ ಹಳೆಯ ಚಾಳಿಗೆ ಮರಳಿರಿ, ಪಾಸ್‌ಪೋರ್ಟ್ ಫೋಟೋದವರು ಬಂದಾಗ ದಯವಿಟ್ಟು ಸಭ್ಯರಾಗಿರಿ. ಯಾರು ಯಾರೆಂದು ಮುಖ ನೋಡಿ ತಿಳಿಯುವ ಹೊಣೆ ತಮ್ಮದೇ, ಏಕೆಂದರೆ ನನಗದು ಈವರೆಗೆ ಸಾಧ್ಯವಾಗಿಲ್ಲ.

ತಮ್ಮ ಬೆಳಕಿನಲ್ಲೇ ಕತ್ತಲು ಕಂಡ,
ತಮ್ಮ ವಿಶ್ವಾಸಿ,
ಸ್ಟುಡಿಯೋದವನು

ತಾ.ಕ.: ತಮ್ಮ ಹೊಟ್ಟೆಯಲ್ಲಿದ್ದ ಹಳೆಯ ಬ್ಯಾಟರಿಗಳನ್ನು ನನ್ನ ಹೆಂಡತಿ ಗೋಡೆ ಗಡಿಯಾರಕ್ಕೆ ಹಾಕಿದ್ದಾಳೆ. ಅಂದಿನಿಂದ ಅದೂ ಮುಂದೆ ಓಡುತ್ತಿದೆ. ಸಹವಾಸ ದೋಷ ಎನ್ನಲು ನನಗೆ ಸಂಕೋಚ.