ಭಾಗ ಸಂಖ್ಯೆ ಹದಿನೇಳು

ಎಂಜಿನ್ ಎಂಬುದು ನನ್ನ ಮುಂದೆ ಕೈಕಟ್ಟಿ ನಿಲ್ಲಬೇಕು ಎಂದು ನಾನು ಶಪಥ ಮಾಡಿದ್ದು ಒಂದು ಪೆಡಲ್ ದೋಣಿಯ ದೆಸೆಯಿಂದ!

ನಮ್ಮ ಶೆಡ್ಡಿನಲ್ಲಿ ಮಾವನವರು ಬಿಟ್ಟುಹೋದ ಒಂದು ಜೆಟ್ ಸ್ಕೀ ಇದೆ. ನೀರಿನ ಮೇಲೆ ಓಡುವ ಸ್ಕೂಟರು ಎನ್ನಿ. ವಯಸ್ಸು ಮೂವತ್ತು. ಮಾವನವರು ತೀರಿಕೊಂಡ ಮೇಲೆ ಅದರ ಸವಾರಿ ನನ್ನ ಪಾಲಿಗೆ ಬಂತು. ಮೊನ್ನೆ ಒಂದು ಭಾನುವಾರ ಕೆರೆಯಲ್ಲಿ ಗತ್ತಿನಿಂದ ಹೋಗುತ್ತಿದ್ದೆ. ಪೆಡಲ್ ದೋಣಿಯಲ್ಲಿ ಕೂತ ವಯಸ್ಸಾದ ದಂಪತಿ ಬಿಸ್ಕತ್ತು ತಿನ್ನುತ್ತ ನನ್ನನ್ನು ಹಿಂದೆ ಹಾಕಿದರು. ಹಾಕಿದ್ದಲ್ಲದೆ, "ಕೆಟ್ಟಿದ್ರೆ ಹೇಳಪ್ಪಾ, ಹಗ್ಗ ಎಸೀತೀವಿ" ಎಂದು ಕನಿಕರ ಬೇರೆ ತೋರಿಸಿದರು!

ದಡದಲ್ಲಿದ್ದ ನನ್ನ ಹೆಂಡತಿ ಅದನ್ನು ಕಂಡಳು. ಮನೆಗೆ ಬಂದವಳೇ ತೀರ್ಪು ಕೊಟ್ಟಳು. "ಬರೋ ಭಾನುವಾರ ಇದು ಸರಿಯಾಗಿ ಓಡಬೇಕು. ಇಲ್ಲಾಂದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ."

ಅತ್ತೆ ಎದ್ದು ಶೆಡ್ಡಿಗೆ ಹೋಗಿ, ಗಾಡಿಯ ಸೀಟನ್ನು ಅಂಗೈಯಿಂದ ಒರೆಸಿ ಬಂದರು. ಗಂಡನ ನೆನಪಿಗೆಂದು ಅವರಿಗೆ ಉಳಿದಿರುವುದು ಅದೊಂದೇ.

"ಯೋಚನೆ ಮಾಡಬೇಡಿ ಅತ್ತೆ. ಕಾರ್ಬುರೇಟರ್ ಬಿಚ್ಚಿ, ಎಂಜಿನ್ ಶಕ್ತಿನೇ ದುಪ್ಪಟ್ಟು ಮಾಡ್ತೀನಿ!"

"ಬಿಚ್ಚೋದು ಎಲ್ರಿಗೂ ಬರುತ್ತೆ" ಎಂದಳು ಹೆಂಡತಿ. "ಹೋದ ಸಲ ಮಿಕ್ಸಿ ಬಿಚ್ಚಿದ್ರಲ್ಲ, ಅದರ ಮೂರು ಸ್ಕ್ರೂ ಇನ್ನೂ ನನ್ನ ಸೂಜಿದಾರದ ಡಬ್ಬಿಯಲ್ಲಿವೆ."

"ಈ ಸಲ ಒಂದೇ ಒಂದು ಸ್ಕ್ರೂ ಉಳಿಯಲ್ಲ! ನಾನು ಯಾರು ಅಂದ್ಕೊಂಡಿದೀಯ?"

ನಾನು ಯಾರೆಂದರೆ, ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸುವವನು. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಪುಸ್ತಕವೂ ಜಾಗ ತಪ್ಪಿಲ್ಲ. ಅದೇ ವಿದ್ಯೆಯನ್ನು ಎಂಜಿನ್ನಿನ ಮೇಲೆ ಪ್ರಯೋಗಿಸಿದೆ. ಕಳಚಿದ ಪ್ರತಿಯೊಂದಕ್ಕೂ ಚೀಟಿ, ಸಂಖ್ಯೆ, ಹೆಸರು, ಇದ್ದ ಜಾಗದ ವಿವರ! ಮೊಟ್ಟೆಯ ಟ್ರೇ ತುಂಬಿತು, ಊಟದ ಮೇಜು ತುಂಬಿತು. ಆ ವಾರವೆಲ್ಲ ಮನೆಮಂದಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ಟೀ ಸೋಸುವ ಜಾಲರಿಯಲ್ಲಿ ಪೆಟ್ರೋಲು ಸೋಸಿದೆ. ಆಮೇಲೆ ಮೂರು ದಿನ ಯಾರೂ ಟೀ ಕೇಳಲಿಲ್ಲ.

ಆದರೆ ಕಾರ್ಬುರೇಟರಿನ ಹೊಟ್ಟೆಯೊಳಗೆ ಕಂಡದ್ದನ್ನು ಏನೆಂದು ಹೇಳಲಿ! ಅಂಗೈಯಷ್ಟು ಲೋಹದ ಮುದ್ದೆ. ಅದರೊಳಗೆ ಹಿತ್ತಾಳೆಯ ಪುಟ್ಟ ಮೂತಿ. ಆ ಮೂತಿಗೆ ಸೂಜಿಮೊನೆಯಷ್ಟು ತೂತು. ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಕಣ್ಣಲ್ಲಿ ನೋಡಿದೆ. ಇಷ್ಟು ತೂತಿನಿಂದ ಬರುವ ಪೆಟ್ರೋಲು ಗಾಳಿಯ ಜೊತೆ ಸೇರಿ, ಕಿಡಿ ತಾಗಿ, ನಾಲ್ಕು ಜನ ಎತ್ತಲಾರದ ಗಾಡಿಯನ್ನು ನೀರಿನ ಮೇಲೆ ಹಾರಿಸುತ್ತದೆ! ಯಾರಪ್ಪ ಇದನ್ನು ಕಂಡುಹಿಡಿದ ಪುಣ್ಯಾತ್ಮ? ಮೈ ಜುಮ್ಮೆಂದಿತು. ಕೈ ಮುಗಿಯಬೇಕೆನ್ನಿಸಿತು. ಮುಗಿದೇಬಿಟ್ಟೆ.

"ಯಾರಿಗ್ರೀ ನಮಸ್ಕಾರ?" ಅಡುಗೆಮನೆಯಿಂದ ಹೆಂಡತಿ.

"ತೂತಿಗೆ!"

"ಸರಿಹೋಯ್ತು."

ಹಳೇ ಪೆಟ್ರೋಲಿನ ಅಂಟನ್ನೆಲ್ಲ ತೊಳೆದೆ. ಹೆಚ್ಚು ಪೆಟ್ರೋಲು ಬಿಡುವ ದೊಡ್ಡ ತೂತಿನ ಮೂತಿಗಳನ್ನು ಹಾಕಿದೆ. ಪ್ಲಗ್ಗು ಹೊಸದು, ರಬ್ಬರ್ ಪದರ ಹೊಸದು. ಸೀಟಿನ ಕೆಳಗೆ, ಎಂಜಿನ್ ಉಸಿರೆಳೆಯುವ ಗಾಳಿಪೆಟ್ಟಿಗೆಯಲ್ಲಿ ಹಸಿರು ಬಣ್ಣದ ಒಂದು ಮೆತ್ತನೆಯ ವಸ್ತು ಸಿಕ್ಕಿತು. ಕೈಪಿಡಿಯಲ್ಲಿ ಅದರ ಚಿತ್ರವೇ ಇರಲಿಲ್ಲ. ಕೈಪಿಡಿ ಬರೆದವನ ಬೇಜವಾಬ್ದಾರಿಗೆ ಮರುಗಿ, "ಭಾಗ ಸಂಖ್ಯೆ ೧೭: ವಾಯುಶೋಧಕ" ಎಂದು ಚೀಟಿ ಬರೆದೆ. ಸೋಪಿನಲ್ಲಿ ತೊಳೆದು, ಒಣಗಿಸಿ, ಇದ್ದ ಜಾಗದಲ್ಲಿ ಇದ್ದ ಹಾಗೇ ಕೂರಿಸಿದೆ. ಮೇಜಿನ ಮೇಲೆ ಒಂದು ಸ್ಕ್ರೂ ಕೂಡ ಉಳಿಯಲಿಲ್ಲ!

ಶನಿವಾರ ಅಂಗಳದಲ್ಲಿ ಪರೀಕ್ಷೆ. ಎಂಜಿನ್ ಕಾಯದಿರಲೆಂದು ತೋಟದ ನೀರಿನ ಪೈಪು ಸಿಕ್ಕಿಸಿ ಗುಂಡಿ ಒತ್ತಿದೆ. ಗೊರ್... ಗೊರ್... ಢಂ! ಹಿಂದಿನಿಂದ ಕಪ್ಪು ಹೊಗೆ ಬಂತು. ಜೊತೆಗೆ ಮಸಿ ಬೆರೆತ ನೀರು ಚಿಮ್ಮಿ, ಹಗ್ಗದ ಮೇಲೆ ಒಣಗುತ್ತಿದ್ದ ನಾಲ್ಕು ಬಿಳಿ ಹೊದಿಕೆಗಳಿಗೆ ಚಿರತೆಯ ಚುಕ್ಕೆ ಬಿದ್ದವು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಸ್ವಂತ ಬಾಯಿ ಮುಚ್ಚಿಕೊಂಡು ಕಿಟಕಿ ಹಾಕಿದರು.

"ನೋಡು, ಶಕ್ತಿ ದುಪ್ಪಟ್ಟಾಗಿದೆ!"

"ಹೊಗೆ ದುಪ್ಪಟ್ಟಾಗಿದೆ. ಬಂದು ಹೊದಿಕೆ ಒಗೀರಿ."

ಭಾನುವಾರ ಕೆರೆಗಿಳಿಸಿದೆವು. ಎದೆಯುಬ್ಬಿಸಿ ಕೂತು ಆಕ್ಸಿಲರೇಟರ್ ಒತ್ತಿದೆ. ಗಾಡಿ ಕೆಮ್ಮಿತು. ಹತ್ತು ಮಾರು ಹೋಯಿತು. ಮತ್ತೆ ಕೆಮ್ಮಿತು. ಒಂದು ಬಾತುಕೋಳಿ ನನ್ನನ್ನು ದಾಟಿ, ಒಮ್ಮೆ ತಿರುಗಿ ನೋಡಿ, ತನ್ನ ಪಾಡಿಗೆ ಮುಂದೆ ಹೋಯಿತು. ಹೋದ ವಾರ ಮನುಷ್ಯರಿಗಾದರೂ ಸೋತಿದ್ದೆ! ಕೊನೆಗೆ ನೀರಿಗಿಳಿದು ಗಾಡಿಯನ್ನು ದಡಕ್ಕೆ ತಳ್ಳಿಕೊಂಡು ಬಂದೆ. ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಹೆಂಡತಿ ಫೋನನ್ನು ಕಿವಿಗಿಟ್ಟಳು.

"ಇಡೇ ಅದನ್ನ ಕೆಳಗೆ" ಎಂದರು ಅತ್ತೆ. ಚಪ್ಪಲಿ ಬಿಟ್ಟು ಮೊಣಕಾಲುದ್ದದ ನೀರಿಗಿಳಿದು, ಸೀಟು ಎತ್ತಿದರು. ಗಾಳಿಪೆಟ್ಟಿಗೆಯ ಕ್ಲಿಪ್ಪುಗಳನ್ನು ಸಕ್ಕರೆ ಡಬ್ಬಿ ತೆಗೆದಷ್ಟು ಸಲೀಸಾಗಿ ಪಟಪಟನೆ ಬಿಚ್ಚಿ, ಭಾಗ ಸಂಖ್ಯೆ ಹದಿನೇಳನ್ನು ಹೊರಗೆಳೆದರು.

"ಅತ್ತೆ! ಅದು ವಾಯುಶೋಧಕ!"

"ಇದು ಪಾತ್ರೆ ತಿಕ್ಕೋ ಸ್ಪಂಜು, ಅಳಿಯಂದ್ರೇ. ಇಪ್ಪತ್ತಾರು ವರ್ಷದಿಂದ ನಾನೇ ತುರುಕ್ತಾ ಇದೀನಿ. ಸವೆದ ಹಾಗೆಲ್ಲ ಹೊಸದು. ನಿಮ್ಮ ಮಾವ ಇವಳನ್ನ ಹಿಂದೆ ಕೂರಿಸ್ಕೊಂಡು ಹುಚ್ಚಾಪಟ್ಟೆ ಓಡಿಸೋರು. ಹೇಳಿದ್ರೆ ಕೇಳ್ತಿರಲಿಲ್ಲ. ಅದಕ್ಕೇ ಗಾಡಿಯ ಉಸಿರು ಕಟ್ಟಿಸ್ದೆ. ಗಾಡಿಗೆ ವಯಸ್ಸಾಯ್ತು ಅಂತ ನಂಬ್ಕೊಂಡೇ ಹೋದ್ರು, ಪಾಪ."

"ನನ್ನ ಕೈಗೆ ಬಂದಾಗಲಾದ್ರೂ ತೆಗೀಬಹುದಿತ್ತಲ್ಲ ಅತ್ತೆ?"

"ನೀವೂ ಸಂಜೆ ಮನೆಗೆ ಬರಬೇಕಲ್ಲ" ಎಂದರು ಮೆಲ್ಲಗೆ.

ಹಾಗೆಂದವರೇ ನನ್ನ ಮೈಮೇಲಿದ್ದ ಲೈಫ್ ಜಾಕೆಟ್ ಬಿಚ್ಚಿಸಿ ತೊಟ್ಟು, ಗಾಡಿ ಹತ್ತಿ ಗುಂಡಿ ಒತ್ತಿದರು.

ಅಬ್ಬಬ್ಬಾ! ನನ್ನ ದೊಡ್ಡ ಮೂತಿಗಳಿಗೆ ಕೊನೆಗೂ ಹೊಟ್ಟೆತುಂಬ ಗಾಳಿ ಸಿಕ್ಕಿತ್ತು. ಗಾಡಿ ತಲೆಯೆತ್ತಿ ಗರ್ಜಿಸಿತು. ಅರವತ್ತೆಂಟರ ನಮ್ಮತ್ತೆ ಕೆರೆಯನ್ನು ಸೀಳಿಕೊಂಡು ಹೊರಟರು! ಬಾತುಕೋಳಿ ಎದ್ದೋಡಿತು. ಪೆಡಲ್ ದೋಣಿಯ ದಂಪತಿ ಬಿಸ್ಕತ್ತನ್ನು ಬಾಯಿಗಿಟ್ಟವರು ಅಗಿಯುವುದನ್ನೇ ಮರೆತರು. ಬೆಳ್ಳಿಬಣ್ಣದ ಕೂದಲು ಹಾರುತ್ತಿತ್ತು, ಹಿಂದೆ ಆಳೆತ್ತರ ನೀರು ಏಳುತ್ತಿತ್ತು. ತೂತಿಗೆ ಮುಗಿದಿದ್ದ ಕೈ ತಾನಾಗಿ ಆ ಕಡೆ ತಿರುಗಿ ಮುಗಿಯಿತು.

"ಥೇಟ್ ಅಪ್ಪನ ಹಾಗೇ ಓಡಿಸ್ತಾಳಲ್ರೀ!" ಎಂದಳು ಹೆಂಡತಿ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಗುಜರಿಯವನ ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಭಾನುವಾರ ನನ್ನ ಸರದಿ. ದಡದಲ್ಲಿದ್ದವರಿಗೆಲ್ಲ "ಸ್ವಲ್ಪ ದೂರ ನಿಲ್ಲಿ" ಎಂದು ಎಚ್ಚರಿಕೆ ಕೊಟ್ಟು, ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದೆ.

ಗಾಡಿ ಕೆಮ್ಮಿತು. ಹತ್ತು ಮಾರು ಹೋಯಿತು. ಬಾತುಕೋಳಿ ದಾಟಿತು.

ಸೀಟು ಎತ್ತಿ ನೋಡಿದೆ. ಗಾಳಿಪೆಟ್ಟಿಗೆಯೊಳಗೆ ಹೊಚ್ಚಹೊಸ ಸ್ಪಂಜು, ಹಳೆಯದಕ್ಕಿಂತ ಒಂದು ಬೆರಳು ದಪ್ಪ. ಅದರ ಮೇಲೆ ನನ್ನದೇ ಗ್ರಂಥಾಲಯದ ಚೀಟಿ, ಹೆಂಡತಿಯ ದುಂಡನೆಯ ಅಕ್ಷರ:

"ಭಾಗ ಸಂಖ್ಯೆ ೧೭. ಹೊರಗೆ ಕೊಂಡೊಯ್ಯುವಂತಿಲ್ಲ."